ಪಿಸಿ ಆನ್ ಮಾಡಿದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಮಾಯ! ಮದರ್‌ಬೋರ್ಡ್ ಬದಲಿಸುವ ಮುನ್ನ ಗಡಿಯಾರ ನೋಡಿ

ದೀಪಾವಳಿಗೆ ಹತ್ತು ದಿನ ಊರಿಗೆ ಹೋಗಿದ್ದಿರಿ ಎಂದುಕೊಳ್ಳಿ. ಹೊರಡುವಾಗ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ ಬಸ್ ಹತ್ತಿದ್ದಿರಿ. ವಾಪಸ್ ಬಂದ ಮೇಲೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆಫೀಸಿನ ಆನ್‌ಲೈನ್ ಮೀಟಿಂಗ್. ಎಂಟೂವರೆಗೆ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್, ಸೆಟಪ್‌ಗೆ ಹೋಗಲು ಎಫ್1 ಒತ್ತಿ' ಎಂಬ ಅರ್ಥದ ಎರಡು ಇಂಗ್ಲಿಷ್ ಸಾಲು. ಎಫ್1 ಒತ್ತಿ, ದಿನಾಂಕ ಸರಿಪಡಿಸಿ, ಬೂಟ್ ಡ್ರೈವ್ ಆರಿಸಿ, ಸೇವ್ ಮಾಡಿ ಹೇಗೋ ಆ ದಿನದ ಕೆಲಸ ಮುಗಿಸುತ್ತೀರಿ. ಮರುದಿನ ಬೆಳಗ್ಗೆ ಮತ್ತೆ ಅದೇ ಎರಡು ಸಾಲು.

ಇಂಥ ಅನುಭವ ಅಸೆಂಬಲ್ಡ್ ಕಂಪ್ಯೂಟರ್ ಇಟ್ಟುಕೊಂಡ ಬಹಳಷ್ಟು ಮಂದಿಗೆ ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ. ಪುಣೆಯ ಹಡಪಸರದಂಥ ಕಡೆ ಇದರ ಬಿಸಿ ತುಸು ಹೆಚ್ಚು. ಮಗರಪಟ್ಟಾ ಸಿಟಿ, ಅಮನೋರಾ, ಪಕ್ಕದ ಫುರಸುಂಗಿಯ ಐಟಿ ಪಾರ್ಕ್‌ಗಳಿಂದಾಗಿ ಅಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಕನ್ನಡಿಗರು ಕಡಿಮೆಯೇನಲ್ಲ. ಹಡಪಸರದ ನಡುವೆ ಹಾದು ಸೊಲ್ಲಾಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಮುಂದೆ ನಮ್ಮ ಬೀದರ್ ಜಿಲ್ಲೆಯ ಹುಮನಾಬಾದ್ ಮುಟ್ಟುತ್ತದೆ. ಹಬ್ಬಕ್ಕೆ ಮನೆಗೆ ಬೀಗ ಹಾಕಿ ಈ ದಾರಿಯಲ್ಲಿ ಊರಿಗೆ ಹೊರಡುವವರು ಮನೆಯಲ್ಲಿ ಬಿಟ್ಟು ಹೋಗುವ ಪಿಸಿಗೆ ಆ ದಿನಗಳಲ್ಲಿ ಒಂದು ಬಟನ್ ಸೆಲ್ ಮಾತ್ರ ಆಸರೆ.

ಪಿಸಿ ಬಿಲ್ಡ್ ಮಾಡಿದ್ದು ನೀವೇ ಆದರೆ ಅದರ ಸರ್ವಿಸ್ ಎಂಜಿನಿಯರ್ ಕೂಡ ನೀವೇ. ಬ್ರ್ಯಾಂಡೆಡ್ ಕಂಪ್ಯೂಟರಾದರೆ ಕಂಪನಿಗೆ ಫೋನ್ ಮಾಡಬಹುದು. ಅಸೆಂಬಲ್ಡ್ ಪಿಸಿಯಲ್ಲಿ ಪ್ರೊಸೆಸರ್‌ಗೆ ಒಂದು ವಾರಂಟಿ, ಮದರ್‌ಬೋರ್ಡ್‌ಗೆ ಇನ್ನೊಂದು, ಎಸ್‌ಎಂಪಿಎಸ್‌ಗೆ ಮತ್ತೊಂದು. ದೋಷ ಯಾವ ಭಾಗದಲ್ಲಿದೆ ಎಂದು ಮೊದಲು ನೀವೇ ಕಂಡುಹಿಡಿಯಬೇಕು. ಹಾಗೆ ಕಂಡುಹಿಡಿಯಲಾಗದೆ 'ಬೋರ್ಡ್ ಹೋಗಿದೆ' ಎಂದುಕೊಂಡು ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ನೂರು ರೂಪಾಯಿಯೊಳಗಿನ ಒಂದು ಸೆಲ್‌ನಿಂದಲೋ, ತಪ್ಪು ಜಾಗದಲ್ಲಿ ಚುಚ್ಚಿದ ಒಂದು ವೈರ್‌ನಿಂದಲೋ ಆಗುವ ತೊಂದರೆಗೆ ಅಷ್ಟು ಖರ್ಚು ಬೇಡ. ತನಿಖೆ ಎಲ್ಲಿಂದ ಶುರು ಮಾಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಸೆಟ್ಟಿಂಗ್ ಉಳಿಯುವುದು ಎಲ್ಲಿ?

ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್‌ಗೂ ಮೊದಲು ಎದ್ದು ಕೆಲಸ ಮಾಡುವ ಪುಟ್ಟ ತಂತ್ರಾಂಶವೇ ಬಯೋಸ್. ಇಂದಿನ ಬೋರ್ಡ್‌ಗಳಲ್ಲಿ ಇರುವುದು ಅದರ ಹೊಸ ಪೀಳಿಗೆಯಾದ ಯುಇಎಫ್‌ಐ. ಆದರೂ ಜನ ಬಯೋಸ್ ಎಂದೇ ಕರೆಯುತ್ತಾರೆ. ಯಾವ ಡ್ರೈವ್‌ನಿಂದ ಬೂಟ್ ಆಗಬೇಕು, ರ‍್ಯಾಮ್ ಯಾವ ವೇಗದಲ್ಲಿ ಓಡಬೇಕು, ಫ್ಯಾನ್ ಎಷ್ಟು ತಿರುಗಬೇಕು, ಸೆಕ್ಯೂರ್ ಬೂಟ್ ಬೇಕೋ ಬೇಡವೋ ಎಂಬುದೆಲ್ಲ ಇಲ್ಲಿ ನಿರ್ಧಾರವಾಗುತ್ತದೆ.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಈ ತಲೆನೋವು ಇರಲಿಲ್ಲ. ಬೋರ್ಡ್ ಮೇಲಿನ ಪುಟ್ಟ ಸ್ವಿಚ್‌ಗಳನ್ನು ಕೈಯಿಂದಲೇ ಮೇಲೆ ಕೆಳಗೆ ಮಾಡಿ ಸೆಟ್ಟಿಂಗ್ ಬದಲಿಸಬೇಕಿತ್ತು. ಒಳಗೆ ಗಡಿಯಾರವೂ ಇರಲಿಲ್ಲ, ಪ್ರತಿ ಬಾರಿ ಆನ್ ಮಾಡಿದಾಗ ಡಾಸ್ ದಿನಾಂಕ ಮತ್ತು ಸಮಯ ಕೇಳುತ್ತಿತ್ತು. 1984ರಲ್ಲಿ ಬಂದ ಐಬಿಎಂ ಪಿಸಿ-ಎಟಿ ಇದನ್ನು ಬದಲಿಸಿತು. ಅದರಲ್ಲಿದ್ದ ಮೊಟೊರೊಲಾ ಕಂಪನಿಯ ಗಡಿಯಾರದ ಚಿಪ್‌ನಲ್ಲಿ 64 ಬೈಟ್ ಮೆಮೊರಿ ಇತ್ತು. ಅದರಲ್ಲಿ 14 ಬೈಟ್ ಗಡಿಯಾರಕ್ಕೆ, ಉಳಿದ 50 ಬೈಟ್ ಸೆಟ್ಟಿಂಗ್‌ಗಳಿಗೆ. ಬಹಳ ಕಡಿಮೆ ಕರೆಂಟ್‌ನಲ್ಲಿ ಬದುಕುವ ಸಿಮಾಸ್ ಎಂಬ ಬಗೆಯ ಚಿಪ್ ಅದು. ಹಾಗಾಗಿ ಒಂದು ಬ್ಯಾಟರಿ ಸಾಕಾಗುತ್ತಿತ್ತು. ಆ ಹೆಸರೇ ಇವತ್ತಿಗೂ ಉಳಿದುಕೊಂಡು 'ಸಿಮಾಸ್ ಬ್ಯಾಟರಿ' ಎಂಬ ಮಾತು ಚಾಲ್ತಿಯಲ್ಲಿದೆ.

ಈಗಿನ ಬೋರ್ಡ್‌ಗಳಲ್ಲಿ ಗಡಿಯಾರ ಪ್ರತ್ಯೇಕ ಚಿಪ್ ಅಲ್ಲ, ಚಿಪ್‌ಸೆಟ್ ಅಥವಾ ಪ್ರೊಸೆಸರ್ ಒಳಗೇ ಸೇರಿದೆ. ಸೆಟ್ಟಿಂಗ್‌ಗಳ ಬಹುಪಾಲು, ಕರೆಂಟ್ ಇಲ್ಲದಿದ್ದರೂ ಅಳಿಸಿಹೋಗದ ಫ್ಲ್ಯಾಷ್ ಚಿಪ್‌ನಲ್ಲಿರುತ್ತದೆ. ಹಾಗಿದ್ದರೆ ಬ್ಯಾಟರಿ ಸತ್ತರೆ ಸೆಟ್ಟಿಂಗ್ ಯಾಕೆ ಹೋಗಬೇಕು? ಕಾರಣವಿಷ್ಟೆ. ಗಡಿಯಾರದ ಭಾಗಕ್ಕೆ ಕರೆಂಟ್ ತಪ್ಪಿದ್ದು ಗೊತ್ತಾದ ಕೂಡಲೇ ಅನೇಕ ಬೋರ್ಡ್‌ಗಳು 'ಸೆಟ್ಟಿಂಗ್ ನಂಬುವಂತಿಲ್ಲ' ಎಂದು ತೀರ್ಮಾನಿಸಿ ಫ್ಯಾಕ್ಟರಿ ಡೀಫಾಲ್ಟ್‌ಗೆ ಮರಳುತ್ತವೆ. ಇನ್ನು ಕೆಲವು ಬೋರ್ಡ್‌ಗಳು ಸೆಟ್ಟಿಂಗ್ ಉಳಿಸಿಕೊಂಡು ದಿನಾಂಕ ಮಾತ್ರ ಕಳೆದುಕೊಳ್ಳುತ್ತವೆ. ಎರಡರಲ್ಲೂ ಕೆಡುವುದು ಗಡಿಯಾರ. ತನಿಖೆಯ ಮೊದಲ ಸಾಕ್ಷಿ ಅದೇ.

ರಾತ್ರಿ ಸ್ವಿಚ್ ಆಫ್ ಮಾಡುವ ಅಭ್ಯಾಸ

ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇರುವವರೆಗೆ ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ. ಗಡಿಯಾರ ಅದರಲ್ಲೇ ಓಡುತ್ತದೆ, ಬ್ಯಾಟರಿ ಖರ್ಚಾಗುವುದಿಲ್ಲ ಎಂದೇ ಹೇಳಬಹುದು. ಗೋಡೆಯ ಸ್ವಿಚ್ ಅಥವಾ ಸ್ಪೈಕ್ ಗಾರ್ಡ್ ಆಫ್ ಮಾಡಿದ ಕ್ಷಣದಿಂದ ಭಾರವೆಲ್ಲ ಬಟನ್ ಸೆಲ್ ಮೇಲೆ.

ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಸ್ವಿಚ್ ಆಫ್ ಮಾಡುವುದು ರೂಢಿ. ಸಿಡಿಲು-ಮಳೆಯ ದಿನಗಳಲ್ಲಂತೂ ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಅದರ ಮೇಲೆ ಪವರ್ ಕಟ್ ಬೇರೆ. ಪುಣೆಯಲ್ಲಿ ನಿರ್ವಹಣೆ ಕೆಲಸಕ್ಕೆಂದು ಗುರುವಾರ ಕರೆಂಟ್ ತೆಗೆಯುವುದು ಅಲ್ಲಿನವರಿಗೆ ಹೊಸತಲ್ಲ, ಕರ್ನಾಟಕದ ಊರುಗಳ ಕಥೆಯೂ ಬೇರೆಯೇನಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಬ್ಯಾಟರಿ ಮಾತ್ರ ಬೇಗ ಸವೆಯುತ್ತದೆ ಅಷ್ಟೆ.

ಎಷ್ಟು ಬೇಗ? ಸಣ್ಣ ಲೆಕ್ಕ ಹಾಕೋಣ. ಬೋರ್ಡ್‌ನಲ್ಲಿರುವ ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಅವರ್. ಗಡಿಯಾರ ಎಳೆಯುವುದು ಕೆಲವೇ ಮೈಕ್ರೋಆಂಪಿಯರ್. 5 ಮೈಕ್ರೋಆಂಪಿಯರ್ ಎಂದಿಟ್ಟುಕೊಂಡರೆ 44,000 ಗಂಟೆ, ಅಂದರೆ ಸುಮಾರು ಐದು ವರ್ಷ. ಇದು ಸ್ವಿಚ್ ಸದಾ ಆಫ್ ಇದ್ದಾಗಿನ ಲೆಕ್ಕ. ಹಾಗಾಗಿ ಹತ್ತು ದಿನ ಊರಿಗೆ ಹೋಗಿದ್ದಕ್ಕೆ ಹೊಸ ಸೆಲ್ ಸಾಯುವುದಿಲ್ಲ. ಆಗಲೇ ಕೊನೆಯುಸಿರಲ್ಲಿದ್ದ ಸೆಲ್ ಆ ಹತ್ತು ದಿನದಲ್ಲಿ ಸಿಕ್ಕಿಬೀಳುತ್ತದೆ.

'ನನ್ನ ಬೋರ್ಡ್ ಹೊಸದು, ಬ್ಯಾಟರಿ ಹೇಗೆ ಹೋಗುತ್ತೆ?' ಎನ್ನುವವರು ಒಂದು ವಿಷಯ ಗಮನಿಸಬೇಕು. ಬೋರ್ಡ್ ಗೋದಾಮಿನಲ್ಲಿ ಕೂತಿದ್ದಾಗಲೂ ಅದರಲ್ಲಿ ಸೆಲ್ ಇರುತ್ತದೆ, ಗಡಿಯಾರ ಓಡುತ್ತಲೇ ಇರುತ್ತದೆ. ಹಳೇ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಂಡಿದ್ದರೆ ಸೆಲ್ ಅರ್ಧ ಆಯುಷ್ಯ ಕಳೆದೇ ನಿಮ್ಮ ಕೈ ಸೇರಿರಬಹುದು.

ತೊಂದರೆ ದಿನಾಂಕದ್ದಷ್ಟೇ ಅಲ್ಲ

ಬಯೋಸ್ ಗಡಿಯಾರ ಹಿಂದಕ್ಕೆ ಹೋದರೆ ಮೊದಲು ಕೈಕೊಡುವುದು ಇಂಟರ್ನೆಟ್. ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ನಿಮ್ಮ ಪಿಸಿ ಹತ್ತು ವರ್ಷ ಹಿಂದೆ ಇದ್ದರೆ 'ಈ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ' ಎಂದುಕೊಂಡು ಬ್ರೌಸರ್ ಬ್ಯಾಂಕಿನ ಪುಟವನ್ನೂ ತಡೆಯುತ್ತದೆ. ವಿಂಡೋಸ್ ಡೊಮೇನ್ ಬಳಸುವ ಆಫೀಸ್ ನೆಟ್‌ವರ್ಕ್‌ಗಳಲ್ಲಿ ಸರ್ವರ್‌ಗೂ ನಿಮ್ಮ ಪಿಸಿಗೂ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಲಾಗಿನ್ ಆಗುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದಿದ್ದರೆ ಒಮ್ಮೆ ಗಡಿಯಾರ ನೋಡಿ.

ಸೆಟ್ಟಿಂಗ್ ಡೀಫಾಲ್ಟ್‌ಗೆ ಹೋದರೆ ಇನ್ನೂ ಕೆಲವು ಕಾಟ. ಹಳೆಯ ಲೆಗಸಿ ವಿಧಾನದಲ್ಲಿ ವಿಂಡೋಸ್ ಹಾಕಿದ್ದು, ಬೋರ್ಡ್‌ನ ಡೀಫಾಲ್ಟ್ ಯುಇಎಫ್‌ಐ ಮಾತ್ರ ಆಗಿದ್ದರೆ ಡ್ರೈವ್ ಕಣ್ಣಿಗೆ ಬಿದ್ದರೂ ಬೂಟ್ ಆಗುವುದಿಲ್ಲ. ಸಾಟಾ ಮೋಡ್ ಬದಲಾದರೆ ವಿಂಡೋಸ್ ಅರ್ಧಕ್ಕೇ ನಿಂತು ನೀಲಿ ಪರದೆ ತೋರಿಸಬಹುದು. ಡೇಟಾ ಅಳಿಸಿಹೋಯಿತು ಎಂದು ಗಾಬರಿ ಬೀಳಬೇಡಿ, ಡ್ರೈವ್ ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ಹಳೆಯ ಸೆಟ್ಟಿಂಗ್ ಮರಳಿ ಹಾಕಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ವಿಂಡೋಸ್ 11ರತ್ತ ಹೊರಟವರು ಬಯೋಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಆನ್ ಮಾಡಿಕೊಂಡಿರುತ್ತಾರೆ. ಡೀಫಾಲ್ಟ್‌ಗೆ ಮರಳಿದಾಗ ಇವು ಬದಲಾಗಿಬಿಟ್ಟರೆ ಬಿಟ್‌ಲಾಕರ್ ಇರುವ ಪಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದನ್ನು ಎಲ್ಲೂ ಬರೆದಿಟ್ಟುಕೊಳ್ಳದವರಿಗೆ ಇದೇ ನಿಜವಾದ ಅಪಾಯ. ಈಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಡಿ. ಎಎಂಡಿ ಬೋರ್ಡ್‌ಗಳಲ್ಲಿ ಕೆಲವೊಮ್ಮೆ ಎಫ್‌ಟಿಪಿಎಂ ರಿಸೆಟ್ ಮಾಡಲೇ ಎಂಬ ಪ್ರಶ್ನೆ ಬರುತ್ತದೆ. ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ 'ವೈ' ಒತ್ತಬೇಡಿ.

ಎರಡು ಪರೀಕ್ಷೆ, ಖರ್ಚು ಸೊನ್ನೆ

ಸ್ಕ್ರೂ ಡ್ರೈವರ್ ಹಿಡಿಯುವ ಮುನ್ನ ಈ ಎರಡು ಪರೀಕ್ಷೆ ಮಾಡಿ.

ಪರೀಕ್ಷೆ 1, ಬರೀ ರಿಸ್ಟಾರ್ಟ್: ಬಯೋಸ್‌ಗೆ ಹೋಗಿ. ಸಾಮಾನ್ಯವಾಗಿ ಆನ್ ಆಗುತ್ತಿದ್ದಂತೆ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿರಬೇಕು. ದಿನಾಂಕ, ಸಮಯ ಸರಿಪಡಿಸಿ. ಗುರುತಿಗೆ ಅಪಾಯವಿಲ್ಲದ ಒಂದು ಸೆಟ್ಟಿಂಗ್ ಬದಲಿಸಿ, ಉದಾಹರಣೆಗೆ ಆನ್ ಆಗುವಾಗ ಕಂಪನಿ ಲೋಗೋ ಕಾಣದಂತೆ ಮಾಡುವ ಆಯ್ಕೆ. ಎಫ್10 ಒತ್ತಿ ಸೇವ್ ಮಾಡಿ. ಪಿಸಿ ರಿಸ್ಟಾರ್ಟ್ ಆದ ಕೂಡಲೇ ಮತ್ತೆ ಬಯೋಸ್‌ಗೇ ಹೋಗಿ ನೋಡಿ. ಈಗಲೇ ಆ ಬದಲಾವಣೆ ಮಾಯವಾಗಿದ್ದರೆ ತಪ್ಪು ಬ್ಯಾಟರಿಯದ್ದಲ್ಲ. ಕರೆಂಟ್ ತಪ್ಪಲೇ ಇಲ್ಲವಲ್ಲ!

ಪರೀಕ್ಷೆ 2, ಪ್ಲಗ್ ತೆಗೆದು: ಮೊದಲ ಪರೀಕ್ಷೆ ಪಾಸಾಗಿದ್ದರೆ ಪಿಸಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಆನ್ ಮಾಡಿ ನೇರವಾಗಿ ಬಯೋಸ್‌ಗೆ ಹೋಗಿ. ವಿಂಡೋಸ್‌ಗೆ ಹೋಗಬೇಡಿ, ಇಂಟರ್ನೆಟ್ ಸಿಕ್ಕ ತಕ್ಷಣ ಅದು ಗಡಿಯಾರ ಸರಿಪಡಿಸಿ ಸಾಕ್ಷಿ ಅಳಿಸಿಬಿಡಬಹುದು.

ಫಲಿತಾಂಶ ಹೀಗೆ ಓದಿಕೊಳ್ಳಿ. ಗಡಿಯಾರ ಹಳೆಯ ಯಾವುದೋ ವರ್ಷಕ್ಕೆ ಹೋಗಿದ್ದರೆ ಅಥವಾ ಹಿಂದೆ ಬಿದ್ದಿದ್ದರೆ ಬ್ಯಾಟರಿ, ಅದರ ಹೋಲ್ಡರ್ ಅಥವಾ ಜಂಪರ್ ಕಡೆ ನೋಡಿ. ಗಡಿಯಾರ ನಿಮಿಷಕ್ಕೆ ನಿಮಿಷ ಸರಿಯಿದ್ದು ಸೆಟ್ಟಿಂಗ್ ಮಾತ್ರ ಹೋಗಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ರ‍್ಯಾಮ್, ಬಯೋಸ್ ತಂತ್ರಾಂಶ ಅಥವಾ ಆಪರೇಟಿಂಗ್ ಸಿಸ್ಟಂ ಕಡೆ ನೋಡಿ.

ಒಂದು ಅಪವಾದ ಇದೆ. ವಿಂಡೋಸ್ ಜತೆ ಲಿನಕ್ಸ್ ಕೂಡ ಹಾಕಿಕೊಂಡವರ ಗಡಿಯಾರ ಕರಾರುವಾಕ್ಕಾಗಿ ಐದೂವರೆ ಗಂಟೆ ಹಿಂದೆ ಇರುವುದುಂಟು. ಲಿನಕ್ಸ್ ಸಾಮಾನ್ಯವಾಗಿ ಬಯೋಸ್ ಗಡಿಯಾರವನ್ನು ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಭಾರತದ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಂತರ ಸರಿಯಾಗಿ ಅಷ್ಟೇ ಇದ್ದರೆ ಬ್ಯಾಟರಿ ಮುಟ್ಟಬೇಡಿ. ಹಾರ್ಡ್‌ವೇರ್ ಗಡಿಯಾರವನ್ನು ಸ್ಥಳೀಯ ಸಮಯದಲ್ಲಿ ಇಡುವಂತೆ ಲಿನಕ್ಸ್‌ನಲ್ಲಿ ಹೇಳಿದರೆ ಮುಗಿಯಿತು.

ಗಡಿಯಾರ ತಪ್ಪಿದ್ದರೆ: ಸೆಲ್, ಹೋಲ್ಡರ್, ಜಂಪರ್

ಮೊದಲು ಬಯೋಸ್‌ನ ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಪಿಸಿ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ.

ಒಂದು ರೂಪಾಯಿ ನಾಣ್ಯದಂತೆ ಹೊಳೆಯುವ ಸೆಲ್ ಬೋರ್ಡ್ ಮೇಲೆ ಕಾಣುತ್ತದೆ. ಅನೇಕ ಬೋರ್ಡ್‌ಗಳಲ್ಲಿ ಅದು ಗ್ರಾಫಿಕ್ಸ್ ಕಾರ್ಡ್ ಕೆಳಗೆ ಅಡಗಿರುತ್ತದೆ, ಕಾರ್ಡ್ ತೆಗೆಯದೆ ಕೈ ಹೋಗುವುದಿಲ್ಲ. ಕಾರ್ಡ್‌ನ ಸ್ಕ್ರೂ ಬಿಚ್ಚಿ, ಸ್ಲಾಟ್ ತುದಿಯ ಲಾಕ್ ಒತ್ತಿ, ನೇರವಾಗಿ ಎತ್ತಿ. ಎಳೆದಾಡಿದರೆ ಸ್ಲಾಟ್ ಮುರಿಯುತ್ತದೆ. ಹೋಲ್ಡರ್ ಪಕ್ಕದ ಕ್ಲಿಪ್ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಸ್ಕ್ರೂ ಡ್ರೈವರ್‌ನಿಂದ ಮೀಟಬೇಡಿ.

ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಗೆ ಇಟ್ಟು ಅಳೆಯಿರಿ. ಹೊಸ ಸೆಲ್ 3 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. ಈ ಬಗೆಯ ಸೆಲ್ ಬಹುಕಾಲ 3 ವೋಲ್ಟ್ ಆಸುಪಾಸಿನಲ್ಲೇ ನಿಂತು ಕೊನೆಯಲ್ಲಿ ದಿಢೀರ್ ಕುಸಿಯುತ್ತದೆ. ಹಾಗಾಗಿ 2.8ಕ್ಕಿಂತ ಕೆಳಗಿದ್ದರೆ ಯೋಚನೆ ಮಾಡದೆ ಬದಲಿಸಿ.

ಹೊಸ ಸೆಲ್ ಕೊಳ್ಳುವಾಗ ಸಂಖ್ಯೆ ನೋಡಿ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025, ಸಿಆರ್2016 ಅಷ್ಟೇ ಅಗಲವಿದ್ದರೂ ತೆಳು, ಹೋಲ್ಡರ್‌ನಲ್ಲಿ ಸಡಿಲವಾಗುತ್ತವೆ. ಎಲ್‌ಐಆರ್2032 ಎಂಬುದು ರೀಚಾರ್ಜ್ ಆಗುವ, ವೋಲ್ಟೇಜ್ ಹೆಚ್ಚಿರುವ ಬೇರೆಯೇ ಸೆಲ್, ಅದನ್ನು ಹಾಕಬೇಡಿ. ಪುಣೆಯ ತಪಕೀರ್ ಗಲ್ಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಮಾತ್ರವಲ್ಲ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಆರ್2032 ಸಿಗುತ್ತದೆ. ಬಿಡಿಯಾಗಿ ಡಬ್ಬದಿಂದ ತೆಗೆದುಕೊಡುವುದಕ್ಕಿಂತ ಸೀಲ್ ಆದ, ದಿನಾಂಕವಿರುವ ಪ್ಯಾಕೆಟ್ ಕೇಳಿ. ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ಸೆಲ್ ಚೆನ್ನಾಗಿದ್ದೂ ಗಡಿಯಾರ ನಿಲ್ಲುತ್ತಿದ್ದರೆ ಹೋಲ್ಡರ್ ನೋಡಿ. ಒಳಗಿನ ಲೋಹದ ನಾಲಿಗೆ ಬಾಗಿದ್ದರೆ ಅಥವಾ ಮಳೆಗಾಲದ ತೇವಕ್ಕೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಸಂಪರ್ಕ ತಪ್ಪುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಒಣಗಲು ಬಿಡಿ.

ಇನ್ನು ಜಂಪರ್. ಸ್ವಂತವಾಗಿ ಅಸೆಂಬಲ್ ಮಾಡಿದ ಪಿಸಿಯಲ್ಲಿ ಹೆಚ್ಚು ಎಡವುವ ಜಾಗ ಇದೇ. ಸೆಟ್ಟಿಂಗ್ ಅಳಿಸಲೆಂದೇ ಬೋರ್ಡ್ ಮೇಲೆ ಪಿನ್‌ಗಳಿರುತ್ತವೆ. ಪಕ್ಕದಲ್ಲಿ 'ಕ್ಲಿಯರ್ ಸಿಮಾಸ್' ಅಥವಾ 'ಕ್ಲಿಯರ್ ಆರ್‌ಟಿಸಿ' ಎಂಬರ್ಥದ ಸಣ್ಣಕ್ಷರ ಇರುತ್ತದೆ. ಹಳೆಯ ಬೋರ್ಡ್‌ಗಳಲ್ಲಿ ಮೂರು ಪಿನ್ ಇದ್ದು, ಸಾಮಾನ್ಯವಾಗಿ 1-2 ಮೇಲೆ ಟೋಪಿಯಂಥ ಜಂಪರ್ ಕೂತಿರಬೇಕು, 2-3ಕ್ಕೆ ಹಾಕಿದರೆ ಅಳಿಸುತ್ತದೆ. ಯಾರೋ ರಿಪೇರಿ ಮಾಡುವಾಗ 2-3ಕ್ಕೆ ಹಾಕಿ ಮರೆತಿದ್ದರೆ ಎಷ್ಟು ಸೆಲ್ ಬದಲಿಸಿದರೂ ಫಲವಿಲ್ಲ. ಹೊಸ ಬೋರ್ಡ್‌ಗಳಲ್ಲಿ ಎರಡೇ ಪಿನ್ ಇದ್ದರೆ ಅವು ಖಾಲಿಯಿರಬೇಕು. ಕ್ಯಾಬಿನೆಟ್‌ನ ರಿಸೆಟ್ ಬಟನ್ ವೈರ್ ಅಥವಾ ಎಲ್‌ಇಡಿ ವೈರನ್ನು ಕಣ್ತಪ್ಪಿ ಇಲ್ಲಿ ಚುಚ್ಚಿದವರೂ ಇದ್ದಾರೆ. ಬೋರ್ಡ್ ಹಿಂಭಾಗದಲ್ಲಿ ಕ್ಲಿಯರ್ ಸಿಮಾಸ್ ಬಟನ್ ಇದ್ದರೆ ಅದು ಲೋಹದ ತಗಡಿಗೆ ಸಿಕ್ಕಿ ಒತ್ತಿಕೊಂಡೇ ಇದೆಯೇ ಎಂದೂ ನೋಡಿ. ಪಿನ್‌ಗಳ ಅರ್ಥ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆಯಾಗಿರುವುದರಿಂದ ನಿಮ್ಮ ಮಾದರಿಯ ಮ್ಯಾನ್ಯುವಲ್ ತೆರೆದಿಟ್ಟುಕೊಂಡೇ ಕೈ ಹಾಕಿ.

ಹೊಸ ಸೆಲ್ ಹಾಕಿ, ಜಂಪರ್ ಸರಿಯಿದ್ದೂ ಕೆಲವೇ ವಾರದಲ್ಲಿ ಸೆಲ್ ಖಾಲಿಯಾದರೆ ಬೋರ್ಡ್‌ನಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಬೋರ್ಡ್ ಕೆಟ್ಟಿದೆ ಎಂದು ಅನುಮಾನಿಸಲು ಈಗ ಕಾರಣವಿದೆ. ಬಿಲ್ ಹುಡುಕಿ ವಾರಂಟಿ ಅವಧಿ ನೋಡಿ.

ಗಡಿಯಾರ ಸರಿಯಿದ್ದರೆ: ಮೊದಲ ಅನುಮಾನ ರ‍್ಯಾಮ್ ಮೇಲೆ

ಸಮಯ ಸರಿಯಿದ್ದೂ ಸೆಟ್ಟಿಂಗ್ ಹೋಗುತ್ತಿದ್ದರೆ ಸಾಮಾನ್ಯ ಕಾರಣ ರ‍್ಯಾಮ್ ವೇಗ. 3200 ಎಂದು ಬರೆದ ಡಿಡಿಆರ್4 ರ‍್ಯಾಮ್ ಹಾಕಿದ ಮಾತ್ರಕ್ಕೆ ಆ ವೇಗದಲ್ಲಿ ಓಡಬೇಕೆಂದಿಲ್ಲ, ಡೀಫಾಲ್ಟ್‌ನಲ್ಲಿ ಅದು 2133 ಅಥವಾ 2400ಕ್ಕೆ ನಿಂತಿರಬಹುದು. ಪೂರ್ತಿ ವೇಗ ಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಬೇಕು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರಕ್ಕೂ ಆ ವೇಗ ಒಗ್ಗದಿದ್ದರೆ ಪಿಸಿ ಎರಡು ಮೂರು ಸಲ ತಾನೇ ಆನ್-ಆಫ್ ಆಗಿ, ಕೊನೆಗೆ ಸುರಕ್ಷಿತ ಡೀಫಾಲ್ಟ್‌ಗೆ ಮರಳಿ ಬೂಟ್ ಆಗುತ್ತದೆ. ನೋಡುವವರಿಗೆ 'ಸೇವ್ ಆಗಲಿಲ್ಲ' ಎನಿಸುತ್ತದೆ. ವಾಸ್ತವದಲ್ಲಿ ಸೇವ್ ಆಗಿದೆ, ಓಡಲಾಗದೆ ಬೋರ್ಡ್ ತಾನೇ ಹಿಂದೆ ಸರಿದಿದೆ.

ಪರಿಹಾರ ಸುಲಭ. ಉಳಿದ ಸೆಟ್ಟಿಂಗ್ ಎಲ್ಲ ಹಾಕಿ, ಎಕ್ಸ್‌ಎಂಪಿ ಮಾತ್ರ ಬಿಟ್ಟು ಸೇವ್ ಮಾಡಿ. ಉಳಿದರೆ ಕಾರಣ ಸಿಕ್ಕಂತೆ. ಒಂದು ಮೆಟ್ಟಿಲು ಕಡಿಮೆ ವೇಗ ಪ್ರಯತ್ನಿಸಿ. ನಾಲ್ಕು ರ‍್ಯಾಮ್ ಕಡ್ಡಿ ಇದ್ದರೆ ಎರಡರಲ್ಲಿ ನೋಡಿ, ಅದೂ ಮ್ಯಾನ್ಯುವಲ್ ಹೇಳಿದ ಸ್ಲಾಟ್‌ನಲ್ಲೇ.

ಡಿಡಿಆರ್5 ಬೋರ್ಡ್ ಉಳ್ಳವರು ತಾಳ್ಮೆ ಇಟ್ಟುಕೊಳ್ಳಬೇಕು. ಸೆಟ್ಟಿಂಗ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಬೋರ್ಡ್ ರ‍್ಯಾಮ್ ಜತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ, ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೆಟ್ಟುಹೋಯಿತು ಎಂದುಕೊಂಡು ನಡುವೆ ಸ್ವಿಚ್ ಆಫ್ ಮಾಡಿದರೆ ಬೋರ್ಡ್ ಅದನ್ನು ವಿಫಲ ಬೂಟ್ ಎಂದು ಲೆಕ್ಕ ಹಾಕಿ ಡೀಫಾಲ್ಟ್‌ಗೆ ಹೋಗಬಹುದು.

ಬೂಟ್ ಕ್ರಮ ಮಾತ್ರ ಬದಲಾಗುತ್ತಿದ್ದರೆ ಆಪರೇಟಿಂಗ್ ಸಿಸ್ಟಂ ಮೇಲೆ ಕಣ್ಣಿಡಿ. ಯುಇಎಫ್‌ಐ ವ್ಯವಸ್ಥೆಯಲ್ಲಿ ವಿಂಡೋಸ್, ಲಿನಕ್ಸ್ ಎರಡಕ್ಕೂ ಬೂಟ್ ಪಟ್ಟಿಯನ್ನು ತಿದ್ದುವ ಅಧಿಕಾರವಿದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ತಾನೇ ಮೇಲಕ್ಕೆ ಏರಿ ಕೂರುವುದುಂಟು. ಡ್ರೈವ್‌ನ ಕೇಬಲ್ ಸಡಿಲವಿದ್ದು ಒಮ್ಮೊಮ್ಮೆ ಕಾಣದಾದರೂ ಪಟ್ಟಿಯಿಂದ ಅದು ಕೆಳಗಿಳಿಯುತ್ತದೆ.

ಮೊದಲ ಪರೀಕ್ಷೆಯಲ್ಲೇ ಫೇಲ್ ಆದವರು ಸೇವ್ ಮಾಡುವ ರೀತಿಯನ್ನೇ ಇನ್ನೊಮ್ಮೆ ನೋಡಿ. ಎಸ್ಕೇಪ್ ಒತ್ತಿ ಹೊರಬಂದರೆ ಬದಲಾವಣೆ ಉಳಿಯುವುದಿಲ್ಲ. ಎಫ್10 ಒತ್ತಿದಾಗ ಏನೇನು ಬದಲಾಗಿದೆ ಎಂಬ ಪಟ್ಟಿ ಬರುವ ಬೋರ್ಡ್‌ಗಳಲ್ಲಿ ಅದನ್ನು ಓದಿ ಒಪ್ಪಿಗೆ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಇರುವ ಸೆಕೆಂಡ್ ಹ್ಯಾಂಡ್ ಬೋರ್ಡ್‌ನಲ್ಲಿ ಸೆಟ್ಟಿಂಗ್ ಕಂಡರೂ ಬದಲಿಸಲು ಬಿಡದಿರಬಹುದು.

ಇದ್ಯಾವುದೂ ಅಲ್ಲದಿದ್ದರೆ ಬಯೋಸ್ ತಂತ್ರಾಂಶದ ದೋಷ. ಬೋರ್ಡ್ ಕಂಪನಿಯ ಅಧಿಕೃತ ತಾಣದಿಂದ ನಿಮ್ಮ ಮಾದರಿ ಮತ್ತು ರಿವಿಜನ್ ಸಂಖ್ಯೆಗೆ ಹೊಂದುವ ಫೈಲ್ ಅನ್ನೇ ತಂದು ಅಪ್‌ಡೇಟ್ ಮಾಡಿ. ಇದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಯುಪಿಎಸ್ ಇಲ್ಲದೆ, ಅದರಲ್ಲೂ ಪವರ್ ಕಟ್ ಪ್ರಕಟಣೆ ಇರುವ ದಿನ ಇದಕ್ಕೆ ಕೈ ಹಾಕಬೇಡಿ. ಅಪ್‌ಡೇಟ್ ಮುಗಿದ ಮೇಲೆ ಎಲ್ಲ ಸೆಟ್ಟಿಂಗ್ ಡೀಫಾಲ್ಟ್‌ಗೆ ಹೋಗುವುದು ಸಹಜ, ಅದನ್ನು ಮತ್ತೆ ದೋಷ ಎಂದುಕೊಳ್ಳಬೇಡಿ.

ಸರಿಪಡಿಸಿದ ಮೇಲೆ

ಹೊಸ ಸೆಲ್ ಹಾಕಿ ಆನ್ ಮಾಡಿದಾಗ ಒಂದು ಬಾರಿ ಎರರ್ ಬರುವುದು ಸಾಮಾನ್ಯ. ಮೊದಲು ಡೀಫಾಲ್ಟ್ ಲೋಡ್ ಮಾಡಿ, ದಿನಾಂಕ ಹಾಕಿ. ನಂತರ ಮೊಬೈಲ್ ಫೋಟೋ ನೋಡಿಕೊಂಡು ಸಾಟಾ ಮೋಡ್, ಬೂಟ್ ಕ್ರಮ, ಟಿಪಿಎಂ, ಸೆಕ್ಯೂರ್ ಬೂಟ್ ಹಾಕಿ. ಆಫೀಸ್ ಕೆಲಸಕ್ಕೆ ವರ್ಚುವಲೈಸೇಶನ್ ಬೇಕಿದ್ದರೆ ಅದನ್ನೂ ಆನ್ ಮಾಡಿ. ಎಕ್ಸ್‌ಎಂಪಿ ಕೊನೆಯಲ್ಲಿ. ಆಮೇಲೆ ಎರಡನೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ರಾತ್ರಿಯಿಡೀ ಪ್ಲಗ್ ತೆಗೆದಿಟ್ಟು ಬೆಳಗ್ಗೆ ಬಯೋಸ್ ಗಡಿಯಾರ ನಿಮ್ಮ ಮೊಬೈಲ್ ಜತೆ ಹೊಂದಿಕೊಂಡರೆ ರಿಪೇರಿ ಮುಗಿದಂತೆ.

ತೆಗೆದ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇದು ಇಡೀ ಲೇಖನದಲ್ಲೇ ಮುಖ್ಯವಾದ ಮಾತು. ಕಂಪ್ಯೂಟರ್ ಪಾಲಿಗೆ ಸತ್ತ ಸೆಲ್‌ನಲ್ಲೂ ಅಪಾಯ ಮಾಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ತೀವ್ರ ಸುಟ್ಟಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಓಡಿ. ಹಳೆಯ ಸೆಲ್‌ನ ಎರಡೂ ಬದಿಗೆ ಸೆಲ್ಲೋ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದಂತೆ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಕಸದ ಜತೆ ಬೆರೆಸದೆ ಬೇರೆಯಾಗಿಯೇ ಕೊಡಬೇಕು.

ಮುಂದಿನ ಹಬ್ಬಕ್ಕೆ ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಲು ಹಿಂಜರಿಯಬೇಕಿಲ್ಲ. ಸೆಲ್‌ಗೆ ನಾಲ್ಕೈದು ವರ್ಷ ಆಗಿದ್ದರೆ ಹೋಗುವ ಮೊದಲೇ ಬದಲಿಸಿ, ಹಾಕಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ಬಯೋಸ್ ಫೋಟೋಗಳನ್ನೂ ಬಿಟ್‌ಲಾಕರ್ ಕೀಯನ್ನೂ ಪಿಸಿಯ ಹೊರಗೆ ಎಲ್ಲಾದರೂ ಇಡಿ. ಆದರೂ ಬಂದ ಮೇಲೆ ಎರರ್ ಕಂಡರೆ, ಅಂಗಡಿಗೆ ಫೋನ್ ಮಾಡುವ ಮುನ್ನ ಬಯೋಸ್ ತೆರೆದು ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ನೋಡಿ.